ಇಳಿಸಿದ ಕಾರೂ ಅಲೈನ್‌ಮೆಂಟ್ ಚೀಟಿಯೂ

ಹಳೆಯ ಕಾರಿನ ಮೋಹಿಗಳ ನಡುವೆ ಮೂರು ಮಾತು ವೇದವಾಕ್ಯದಂತೆ ಓಡಾಡುತ್ತಿವೆ. ಒಂದು, ಕಾರು ನೆಲಕ್ಕೆ ಎಷ್ಟು ಹತ್ತಿರವೋ ಅಷ್ಟು ಚೆನ್ನಾಗಿ ರಸ್ತೆ ಹಿಡಿಯುತ್ತದೆ. ಎರಡು, ಇಳಿಸಿದ ಮೇಲೆ ಸ್ಟೇರಿಂಗ್ ಎಳೆದಾಡಿದರೆ ವೀಲ್ ಅಲೈನ್‌ಮೆಂಟ್ ಮಾಡಿಸಿದರಾಯಿತು. ಮೂರು, ಅದಕ್ಕೂ ಜಗ್ಗದಿದ್ದರೆ ಹಳೇ ಗಾಡಿಯ ಸ್ವಭಾವವೇ ಅದು, ಹೊಂದಿಕೊಂಡು ಓಡಿಸಬೇಕು. ಇವುಗಳಲ್ಲಿ ಮೊದಲನೆಯದು ಅರ್ಧಸತ್ಯ, ಎರಡನೆಯದು ಶುದ್ಧ ಸುಳ್ಳು, ಮೂರನೆಯದು ಸೋಮಾರಿತನಕ್ಕೆ ತೊಡಿಸಿದ ಅನುಭವದ ವೇಷ. ಮೂರೂ ಸೇರಿ ಒಂದು ಅಪಾಯವನ್ನು ಮುಚ್ಚಿಡುತ್ತಿವೆ. ಅದರ ಹೆಸರು ಬಂಪ್ ಸ್ಟೀರ್. ಗಾಲಿ ಗುಂಡಿಗೆ ಇಳಿದಾಗ, ದಿಬ್ಬ ಹತ್ತಿದಾಗ, ಸ್ಟೇರಿಂಗ್ ಹಿಡಿದ ಕೈ ಅಲುಗದಿದ್ದರೂ ಗಾಲಿ ತಾನಾಗಿ ಎಡಕ್ಕೋ ಬಲಕ್ಕೋ ಹೊರಳುವುದೇ ಅದು.

ಈ ಮಾತುಗಳನ್ನು ಪರೀಕ್ಷಿಸಲು ನುಣುಪು ರಸ್ತೆಗಳು ಸಾಲವು. ಹಿರಿಯೂರಿನಿಂದ ಚಳ್ಳಕೆರೆ, ತಳಕು, ಬಿ.ಜಿ. ಕೆರೆ, ಹಾನಗಲ್, ರಾಂಪುರ ದಾಟಿ ಬಳ್ಳಾರಿ ಮುಟ್ಟುವ ರಾಷ್ಟ್ರೀಯ ಹೆದ್ದಾರಿ 150ಎ ಅದಕ್ಕೆ ತಕ್ಕ ಜಾಗ. ಬಯಲುಸೀಮೆಯ ದಾರಿ, ಕಣ್ಣಿಗೆ ಅಡ್ಡ ಬರುವುದೇನೂ ಇಲ್ಲ, ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತದೆ. ಬಿ.ಜಿ. ಕೆರೆಯಂಥ ಊರು ಬಂದಾಗ ವೇಗ ಇಳಿಸಬೇಕು. ಊರು ಬಿಟ್ಟು ಮೊಳಕಾಲ್ಮೂರು ಸೀಮೆಯ ಹಳ್ಳಿ ದಾರಿಗೆ ಹೊರಳಿದರೆ ಎದುರು ಬರುವ ಲಾರಿಗೋ ಟ್ರ್ಯಾಕ್ಟರಿಗೋ ಜಾಗ ಬಿಡಲು ಎಡಗಾಲಿಗಳನ್ನು ಡಾಂಬರಿನ ಅಂಚಿನಿಂದ ಮಣ್ಣಿಗೆ ಇಳಿಸಬೇಕು. ಬಂಪ್ ಸ್ಟೀರಿನ ಬಣ್ಣ ಬಯಲಾಗುವುದು ಅಲ್ಲೇ. ಎರಡೂ ಮುಂಗಾಲಿಗಳು ಒಟ್ಟಿಗೆ ಹಂಪು ಹತ್ತಿದರೆ ಎಡಗಾಲಿಯ ತಪ್ಪನ್ನು ಬಲಗಾಲಿಯ ತಪ್ಪು ಸರಿದೂಗಿಸುತ್ತದೆ. ಟೈರು ಉಜ್ಜಿ ಸವೆಯುತ್ತದೆ, ಕಾರು ಮಾತ್ರ ನೇರ ಹೋಗುತ್ತದೆ. ಒಂದೇ ಕಡೆಯ ಗಾಲಿ ಇಳಿದಾಗ ಸರಿದೂಗಿಸಲು ಯಾರೂ ಇಲ್ಲ. ಎದುರಿಗೆ ಲಾರಿ ಇರುವ ಹೊತ್ತಿನಲ್ಲೇ ಕಾರು ತನ್ನ ಪಾಡಿಗೆ ಪಕ್ಕಕ್ಕೆ ಸರಿಯುತ್ತದೆ.

ನಮ್ಮಲ್ಲಿ ಹಳೆಯ ಸ್ಪೋರ್ಟ್ಸ್ ಕಾರುಗಳು ಎಷ್ಟಿವೆ, ಇದೆಲ್ಲ ಹೊರದೇಶದವರ ತಲೆನೋವಲ್ಲವೇ ಎಂದು ಕೇಳುವವರಿದ್ದಾರೆ. ಅವರು ಸ್ಟ್ಯಾಂಡರ್ಡ್ ಹೆರಾಲ್ಡನ್ನು ನೆನೆಯಲಿ. 1959ರಲ್ಲಿ ಇಂಗ್ಲೆಂಡಿನ ಟ್ರಯಂಫ್ ಕಂಪನಿ ಹೊರತಂದ ಈ ಕಾರಿಗೆ ರೂಪ ಕೊಟ್ಟವನು ಇಟಲಿಯ ಜೊವಾನಿ ಮಿಕೆಲೊಟ್ಟಿ. 1961ರಿಂದ ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ ಅದನ್ನು ಇಲ್ಲಿ ತಯಾರಿಸಿತು. ಅದೇ ಹೆರಾಲ್ಡಿನ ಚಾಸಿಯನ್ನು ಗಿಡ್ಡ ಮಾಡಿ ಟ್ರಯಂಫ್ 1962ರಲ್ಲಿ ಸ್ಪಿಟ್‌ಫೈರ್ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಮಾಡಿತು. ಮುಂಭಾಗದಲ್ಲಿ ಮೇಲೊಂದು ಕೆಳಗೊಂದು ಆರ್ಮ್, ರ‍್ಯಾಕ್ ಅಂಡ್ ಪಿನಿಯನ್ ಸ್ಟೇರಿಂಗ್, ಸುಮಾರು 25 ಅಡಿ ಅಗಲದಲ್ಲಿ ಕಾರನ್ನು ತಿರುಗಿಸಬಲ್ಲ ಗಾಲಿಗಳು: ಇವೆಲ್ಲ ಎರಡಕ್ಕೂ ಒಂದೇ ವಂಶ. ಆ ಕಾಲದ ಎಷ್ಟೋ ರೇಸ್ ಕಾರುಗಳು ಹೆರಾಲ್ಡಿನ ಮುಂಗಾಲಿಯ ಭಾಗಗಳನ್ನೇ ಎರವಲು ಪಡೆದಿದ್ದವು. ಹಾಗಾಗಿ ಇಳಿಸಿದ ಸ್ಪಿಟ್‌ಫೈರಿನ ರೋಗ ಇಳಿಸಿದ ಹೆರಾಲ್ಡಿನ ರೋಗವೂ ಹೌದು. ಟಾರ್ಷನ್ ಬಾರ್ ತಿರುಗಿಸಿ ಮೂತಿ ಇಳಿಸಿದ ಅಂಬಾಸಿಡರು, ಸ್ಪ್ರಿಂಗಿನ ಸುತ್ತು ಕತ್ತರಿಸಿದ ಮಾರುತಿ 800 ಕೂಡ ಈ ರೋಗಕ್ಕೆ ಹೊರತಲ್ಲ.

ಈ ರೋಗದ ಹಿಂದಿನ ನಿಯಮ ಸರಳ. ಗಾಲಿ ಮೇಲೆ ಕೆಳಗೆ ಆಡುವಾಗ ಅದನ್ನು ಹೊತ್ತ ಆರ್ಮ್ ಒಂದು ಕಮಾನಿನಲ್ಲಿ ತೂಗುತ್ತದೆ. ಗಾಲಿಯನ್ನು ತಿರುಗಿಸುವ ಟೈ ರಾಡ್ ತನ್ನದೇ ಕಮಾನಿನಲ್ಲಿ ತೂಗುತ್ತದೆ. ಎರಡೂ ಕಮಾನು ಹೊಂದಿದರೆ ಗಾಲಿ ನೇರ ಏಳುತ್ತದೆ, ನೇರ ಇಳಿಯುತ್ತದೆ. ಹೊಂದದಿದ್ದರೆ ಒಂದು ಕಡೆ ಟೈ ರಾಡ್ ಗಾಲಿಯ ಕಿವಿ ಹಿಡಿದು ಎಳೆಯುತ್ತದೆ, ಇನ್ನೊಂದು ಕಡೆ ನೂಕುತ್ತದೆ. ನೊಗ ಹೊತ್ತ ಜೋಡೆತ್ತಿನಲ್ಲಿ ಒಂದು ಹೆಜ್ಜೆ ಹಿಂದೆ ಬಿದ್ದರೆ ಹೊಡೆಯುವವನ ಅಪ್ಪಣೆ ಇಲ್ಲದೆಯೇ ಗಾಡಿ ಓರೆಯಾಗುತ್ತದಲ್ಲ, ಹಾಗೆ. ಕಾರು ಮಾಡಿದವರು ಈ ಎರಡು ಕಮಾನುಗಳನ್ನು ಒಂದು ಗೊತ್ತಾದ ಎತ್ತರದ ಸುತ್ತಮುತ್ತ ಹೊಂದಿಸಿರುತ್ತಾರೆ. ಆ ಎತ್ತರದಿಂದ ದೂರ ಹೋದಷ್ಟೂ ಹೊಂದಾಣಿಕೆ ಕೆಡುತ್ತದೆ. ಕೆಡುವುದು ಒಂದೇ ಸಮನಾಗಿ ಅಲ್ಲ, ಏರುತ್ತ ಏರುತ್ತ.

ಲೆಕ್ಕಕ್ಕೆಂದು ಒಂದು ಕಾರನ್ನು ಕಲ್ಪಿಸಿಕೊಳ್ಳಿ. ಅದರ ಆರ್ಮ್ 350 ಮಿ.ಮೀ., ಟೈ ರಾಡ್ 300 ಮಿ.ಮೀ.; ಕಂಪನಿ ಕೊಟ್ಟ ಎತ್ತರದಲ್ಲಿ ಎರಡೂ ನೆಲಕ್ಕೆ ಸಮಾನಾಂತರ. ಗಾಲಿ 30 ಮಿ.ಮೀ. ಮೇಲೆದ್ದರೆ ಆರ್ಮಿನ ಹೊರತುದಿ ಸುಮಾರು 1.3 ಮಿ.ಮೀ. ಒಳಸರಿಯುತ್ತದೆ, ಟೈ ರಾಡಿನ ತುದಿ 1.5 ಮಿ.ಮೀ. ವ್ಯತ್ಯಾಸ ಹೆಚ್ಚುಕಡಿಮೆ 0.2 ಮಿ.ಮೀ. ಈಗ ಇದೇ ಕಾರನ್ನು 40 ಮಿ.ಮೀ. ಇಳಿಸಿ. ನಿಂತಲ್ಲೇ ಆರ್ಮೂ ಟೈ ರಾಡೂ ಓರೆಯಾದವು. ಅಲ್ಲಿಂದ ಗಾಲಿ ಮತ್ತೆ ಅದೇ 30 ಮಿ.ಮೀ. ಎದ್ದರೆ ಆರ್ಮಿನ ತುದಿ 4.8 ಮಿ.ಮೀ. ಸರಿಯುತ್ತದೆ, ಟೈ ರಾಡಿನದು 5.6 ಮಿ.ಮೀ. ವ್ಯತ್ಯಾಸ 0.8 ಮಿ.ಮೀ., ಮೊದಲಿನದರ ನಾಲ್ಕು ಪಟ್ಟಿಗೆ ಹತ್ತಿರ. ಟೈ ರಾಡ್ ಹಿಡಿದು ಗಾಲಿಯನ್ನು ಹೊರಳಿಸುವ ಸ್ಟೇರಿಂಗ್ ಆರ್ಮ್ 120 ಮಿ.ಮೀ. ಉದ್ದವಿದ್ದರೆ ಈ ವ್ಯತ್ಯಾಸ ಗಾಲಿಯ ರಿಮ್ಮಿನ ಮೇಲೆ 2.4 ಮಿ.ಮೀ. ಆಗಿ ಕಾಣುತ್ತದೆ. ಅಲೈನ್‌ಮೆಂಟಿನಲ್ಲಿ ನಾವು ಜಗಳವಾಡುವುದೇ ಒಂದೆರಡು ಮಿಲಿಮೀಟರಿಗೆ. ಅಷ್ಟನ್ನೂ ಈ ಕಾರು ಒಂದು ಸಣ್ಣ ದಿಬ್ಬದ ಮೇಲೆ ಕಳೆದುಕೊಳ್ಳುತ್ತದೆ, ಅದೂ ಒಂದೇ ಗಾಲಿಯಲ್ಲಿ.

ಈಗ ಎರಡನೆಯ ಮಾತಿಗೆ ಬರೋಣ, ಹೆಚ್ಚು ಹಾನಿ ಮಾಡುತ್ತಿರುವುದು ಅದೇ. ಅಲೈನ್‌ಮೆಂಟ್ ಯಂತ್ರ ಅಳೆಯುವುದು ನಿಂತ ಕಾರನ್ನು. ಸಮತಟ್ಟಾದ ಕಟ್ಟೆಯ ಮೇಲೆ, ಗಾಲಿ ಒಂದೇ ಎತ್ತರದಲ್ಲಿ ಇದ್ದಾಗ ಟೋ, ಅಂದರೆ ಗಾಲಿಯ ಮೂತಿ ಒಳಕ್ಕೋ ಹೊರಕ್ಕೋ ಹೊರಳಿರುವ ಅಳತೆ, ಎಷ್ಟಿದೆ ಎಂದು ಅದು ಹೇಳುತ್ತದೆ. ಗಾಲಿ ಎದ್ದಾಗ ಆ ಟೋ ಎಷ್ಟು ಬದಲಾಗುತ್ತದೆ ಎಂಬ ಪ್ರಶ್ನೆಯನ್ನು ಅದು ಕೇಳುವುದೇ ಇಲ್ಲ. ಟೈ ರಾಡಿನ ನಟ್ಟು ಸಡಿಲಿಸಿ ಉದ್ದ ಹೆಚ್ಚುಕಡಿಮೆ ಮಾಡಿದರೆ ನಿಂತಾಗಿನ ಅಂಕಿ ಬದಲಾಗುತ್ತದೆ. ಟೈ ರಾಡಿನ ಓರೆ ಹಾಗೆಯೇ ಉಳಿಯುತ್ತದೆ. ತಪ್ಪು ಇರುವುದು ಆ ಓರೆಯಲ್ಲಿ. ಕಂಪ್ಯೂಟರ್ ಪರದೆಯ ಮೇಲೆ ಹಸಿರು ಬಣ್ಣ ಬಂತು, ಚೀಟಿ ಮುದ್ರಣವಾಯಿತು, ಮಾಲೀಕ ದುಡ್ಡು ಕೊಟ್ಟ. ರಸ್ತೆಗಿಳಿದ ಮೇಲೆ ಕಾರು ಮತ್ತೆ ಎಳೆಯಿತು. ಆಗ ಟೈರಿನ ಮೇಲೆ ಅನುಮಾನ, ಆಮೇಲೆ ಬ್ಯಾಲೆನ್ಸಿಂಗ್ ಮೇಲೆ, ಕೊನೆಗೆ ರಸ್ತೆಯ ಮೇಲೆ. ಯಂತ್ರದವನು ಸುಳ್ಳು ಹೇಳಲಿಲ್ಲ. ಕೇಳಿದ ಪ್ರಶ್ನೆಗೆ ಸರಿಯುತ್ತರವನ್ನೇ ಕೊಟ್ಟ. ಕೇಳಿದ ಪ್ರಶ್ನೆಯೇ ತಪ್ಪು.

ಮೊದಲನೆಯ ಮಾತಿಗೆ ಸಲ್ಲಬೇಕಾದ ನ್ಯಾಯ ಸಲ್ಲಲಿ. ಗುರುತ್ವ ಕೇಂದ್ರ ಕೆಳಗಿಳಿದರೆ ತಿರುವಿನಲ್ಲಿ ಹೊರಗಾಲಿಯ ಮೇಲೆ ಬೀಳುವ ಹೆಚ್ಚುವರಿ ಭಾರ ಕಡಿಮೆಯಾಗುತ್ತದೆ, ಇದು ನಿಜ. ಹೆರಾಲ್ಡಿನ ಹಿಂಗಾಲಿಗಳಿಗೆ ಸ್ವಿಂಗ್ ಆಕ್ಸಲ್ ಇತ್ತು. ಜೋರು ತಿರುವಿನಲ್ಲಿ ಹಿಂಗಾಲಿ ಒಳಕ್ಕೆ ಮಡಚಿಕೊಳ್ಳುವ ಕೆಟ್ಟ ಚಾಳಿ ಅದಕ್ಕಿತ್ತು. ಹಿಂಬದಿಯನ್ನು ಹದವಾಗಿ ಇಳಿಸಿದರೆ ಆ ಚಾಳಿ ತಗ್ಗುತ್ತದೆ, ಇದೂ ನಿಜ. ಮದರಾಸಿನ ಬಳಿ ಶೋಳಾವರಂನ ಹಳೆಯ ವಿಮಾನ ಪಟ್ಟಿಯ ಮೇಲೆ ರೇಸ್ ನಡೆಯುತ್ತಿದ್ದ ಕಾಲದಲ್ಲಿ ಕಾರು ಇಳಿಸುವುದಕ್ಕೆ ಅರ್ಥವಿತ್ತು. ಆದರೆ ರೇಸಿನವರು ಇಳಿಸುವುದರ ಜೊತೆಗೆ ಸ್ಪ್ರಿಂಗನ್ನು ಬಿಗಿ ಮಾಡುತ್ತಾರೆ. ಬಿಗಿ ಸ್ಪ್ರಿಂಗಿನ ಮೇಲೆ, ಸಮತಟ್ಟಾದ ಟ್ರ್ಯಾಕಿನಲ್ಲಿ, ಗಾಲಿ ಮೇಲೆ ಕೆಳಗೆ ಆಡುವುದೇ ಕಡಿಮೆ. ಆಟ ಕಡಿಮೆಯಾದಾಗ ಬಂಪ್ ಸ್ಟೀರೂ ಅಡಗಿ ಕೂರುತ್ತದೆ. ಅಡಗಿ ಕೂತದ್ದನ್ನು ವಾಸಿಯಾಯಿತು ಎಂದುಕೊಂಡು ಅದೇ ಇಳಿಕೆಯನ್ನು ಊರ ರಸ್ತೆಗೆ ತಂದರೆ ಏನಾಗಬೇಕೋ ಅದೇ ಆಗುತ್ತದೆ.

ಇಳಿಕೆಯಿಂದ ಕೆಡುವುದು ಸ್ಟೇರಿಂಗ್ ಒಂದೇ ಅಲ್ಲ. ಆರ್ಮುಗಳು ಓರೆಯಾದಾಗ ಕಾರು ತಿರುವಿನಲ್ಲಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು, ಅಂದರೆ ರೋಲ್ ಸೆಂಟರ್, ಗುರುತ್ವ ಕೇಂದ್ರಕ್ಕಿಂತ ಹೆಚ್ಚು ಕೆಳಗೆ ಜಾರುವುದುಂಟು. ಆಗ ಇಳಿಸಿದ ಕಾರು ಕಡಿಮೆ ವಾಲುವ ಬದಲು ಹೆಚ್ಚು ವಾಲಲು ನೋಡುತ್ತದೆ. ವಾಲಿದಾಗ ಒಂದು ಕಡೆಯ ಗಾಲಿ ಮೇಲೆ, ಇನ್ನೊಂದು ಕೆಳಗೆ. ಅಂದರೆ ಗುಂಡಿಯೇ ಇಲ್ಲದ ತಿರುವಿನಲ್ಲೂ ಬಂಪ್ ಸ್ಟೀರ್ ಕೆಲಸ ಮಾಡುತ್ತದೆ, ಚಾಲಕ ಕೇಳಿದ್ದಕ್ಕಿಂತ ಹೆಚ್ಚೋ ಕಡಿಮೆಯೋ ಕಾರು ತಿರುಗುತ್ತದೆ. ಜೊತೆಗೆ ಸ್ಪ್ರಿಂಗಿನ ಆಟ ಮೊದಲೇ ಮುಗಿದಿರುವುದರಿಂದ ಚಾಸಿ ಆ ಆಟಕ್ಕೆ ತಡೆಯಾಗಿಟ್ಟ ರಬ್ಬರಿಗೆ ಬಡಿಯುತ್ತದೆ. ಬಡಿದ ಕ್ಷಣದಲ್ಲಿ ಟೈರು ನೆಲದ ಮೇಲಿನ ಹಿಡಿತ ಬಿಡುವುದುಂಟು. ಭಾರತೀಯ ರಸ್ತೆ ಕಾಂಗ್ರೆಸ್ 1988ರಲ್ಲಿ ಹೇಳಿದ ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, ಗಂಟೆಗೆ 25 ಕಿ.ಮೀ. ವೇಗಕ್ಕೆ ಲೆಕ್ಕ ಹಾಕಿದ್ದು. ನಮ್ಮ ಊರುಗಳಲ್ಲಿ ಎಷ್ಟು ಹಂಪುಗಳು ಆ ಅಳತೆಯಲ್ಲಿವೆ ಎಂಬುದನ್ನು ಓದುಗರಿಗೆ ಹೇಳಿಕೊಡಬೇಕಿಲ್ಲ. ಹೊಟ್ಟೆ ಉಜ್ಜುವ ಕಾರನ್ನು ಹಂಪಿನ ಮೇಲೆ ಓರೆಯಾಗಿ ಹತ್ತಿಸುವುದು ಈಗ ರೂಢಿ. ಓರೆ ಹತ್ತಿಸುವುದೆಂದರೆ ಒಂದೇ ಗಾಲಿಯನ್ನು ಎತ್ತುವುದು.

ಮೂರನೆಯ ಮಾತು ಕೇಳಲು ವಿನಯದ್ದು: "ಹಳೇ ಗಾಡಿ ಅಂದ್ಮೇಲೆ ಹಂಗೇ ಸಾರ್, ವಸಿ ಎಳೀತದೆ." ಕಂಪನಿಯಿಂದ ಹೊರಬಿದ್ದ ದಿನ ಹೆರಾಲ್ಡ್ ಹಾಗೆ ಎಳೆಯುತ್ತಿರಲಿಲ್ಲ. ಈಗ ಎಳೆಯುತ್ತಿದ್ದರೆ ಅದಕ್ಕೆ ಮುಖ್ಯವಾಗಿ ಎರಡು ಕಾರಣ: ಸವೆತ, ಇಲ್ಲವೇ ಕೈಚಳಕ. ಸವೆತವನ್ನು ಮೊದಲು ನೋಡಬೇಕು. ಹೆರಾಲ್ಡಿನ ರ‍್ಯಾಕು ರಬ್ಬರ್ ಬುಷ್ಷುಗಳ ಮೇಲೆ ಕೂತಿರುತ್ತದೆ. ಎಣ್ಣೆ ಕುಡಿದು ಆ ರಬ್ಬರು ಮೆತ್ತಗಾದರೆ ಇಡೀ ರ‍್ಯಾಕೇ ಅತ್ತಿತ್ತ ಜಾರುತ್ತದೆ. ಮುಂಗಾಲಿ ಹೊರಳುವ ಕೆಳಗಿನ ಕೀಲಾದ ಕಂಚಿನ ಟ್ರನ್ನಿಯನ್ನಿಗೆ ಗ್ರೀಸ್ ಅಲ್ಲ, ಗಟ್ಟಿ ಗೇರ್ ಆಯಿಲ್ ಬೇಕು. ಎಣ್ಣೆಯಿಲ್ಲದೆ ಒಣಗಿ ಆ ಕೀಲು ಸವೆದು ಮುರಿದರೆ ಗಾಲಿಯೇ ಮಡಚಿಕೊಳ್ಳುತ್ತದೆ. ಇವನ್ನು ನೋಡದೆ ಬಂಪ್ ಸ್ಟೀರಿನ ಮಾತಾಡುವುದೂ ವ್ಯರ್ಥ. ಸವೆತವೆಲ್ಲ ಸರಿಪಡಿಸಿದ ಮೇಲೂ ಇಳಿಸಿದ ಕಾರು ಎಳೆದರೆ, ಅದು ಮುಪ್ಪಿನ ದೋಷವಲ್ಲ, ಮಾಲೀಕನ ಕೈಯಾರೆ ಬಂದದ್ದು. ಲಾರಿ ಮೆಕ್ಯಾನಿಕರನ್ನು ಕೇಳಿ ನೋಡಿ. ಕಮಾನು ಪಟ್ಟಿ ಹೆಚ್ಚಿಸಿ ಲಾರಿಯ ಎತ್ತರ ಬದಲಿಸಿದರೆ ಸ್ಟೇರಿಂಗ್ ಚಕ್ರ ಮೊದಲಿನ ಹಾಗೆ ನೇರ ನಿಲ್ಲುವುದಿಲ್ಲ. ಎತ್ತರಕ್ಕೂ ಸ್ಟೇರಿಂಗಿಗೂ ನಂಟಿದೆ ಎಂಬುದು ಲಾರಿ ಗ್ಯಾರೇಜಿನಲ್ಲಿ ಗೊತ್ತಿರುವ ಸಂಗತಿ. ಕಾರಿನ ಮೋಹಿಗಳಿಗೇ ಅದು ಹೊಸದು.

ಎತ್ತರ ಬದಲಿಸಲೇಬೇಕಾದಾಗ ತಿಳಿದವರು ಏನು ಮಾಡುತ್ತಾರೆ ಎಂಬುದಕ್ಕೆ ಎಂಜಿಬಿ ಕಾರು ಒಳ್ಳೆಯ ನಿದರ್ಶನ. 1974ರ ಕೊನೆಯ ಭಾಗದಲ್ಲಿ ಅಮೆರಿಕದ ನಿಯಮಗಳಿಗಾಗಿ ಆ ಸ್ಪೋರ್ಟ್ಸ್ ಕಾರನ್ನು ಸುಮಾರು ಒಂದೂವರೆ ಇಂಚು ಎತ್ತರಿಸಬೇಕಾಯಿತು. ಮುಂಭಾಗದಲ್ಲಿ ಉದ್ದನೆಯ ಸ್ಪ್ರಿಂಗ್ ತುರುಕಿ ಕೈತೊಳೆದುಕೊಳ್ಳಲಿಲ್ಲ. ಆರ್ಮುಗಳನ್ನೂ ರ‍್ಯಾಕನ್ನೂ ಹೊತ್ತ ಕ್ರಾಸ್ ಮೆಂಬರನ್ನೇ ಬದಲಿಸಿ ಬಾಡಿಯನ್ನು ಅದರ ಮೇಲೆ ಎತ್ತಿ ಕೂರಿಸಿದರು. ಆರ್ಮಿಗೂ ಟೈ ರಾಡಿಗೂ ಇದ್ದ ಸಂಬಂಧ ಕೆಡಲಿಲ್ಲ. ಎತ್ತರವಾದ ಆ ಕಾರು ತಿರುವಿನಲ್ಲಿ ಹೆಚ್ಚು ವಾಲಿತು, ಜನ ಬೈದರು. ಆ ದೂರು ಬೇರೆ. ಇಳಿಸುವವರೂ ಇದೇ ದಾರಿ ಹಿಡಿಯಬಹುದು. ಗಾಲಿಯ ಸ್ಟಬ್ ಆಕ್ಸಲನ್ನು ಮೇಲಕ್ಕೆ ಕೂರಿಸಿದ ಭಾಗ ಹಾಕಿದರೆ ಕಾರು ಇಳಿಯುತ್ತದೆ, ಆರ್ಮುಗಳು ಮಾತ್ರ ಕಂಪನಿ ಇಟ್ಟ ಓರೆಯಲ್ಲೇ ಉಳಿಯುತ್ತವೆ. ಆದರೆ ಅದು ಕೆಲಸ ಬೇಡುತ್ತದೆ, ದುಡ್ಡು ಬೇಡುತ್ತದೆ. ಸ್ಪ್ರಿಂಗ್ ಕತ್ತರಿಸಲು ಗ್ರೈಂಡರ್ ಒಂದು ಸಾಕು.

ಇಷ್ಟು ಹೇಳಿದ ಮೇಲೆ ನಾಲ್ಕನೆಯ ಗುಂಪೊಂದು ಎದ್ದು ನಿಲ್ಲುತ್ತದೆ: ಬಂಪ್ ಸ್ಟೀರ್ ಕಿಟ್ ಸಿಗುತ್ತದೆ, ಹಾಕಿಸಿದರೆ ಮುಗಿಯಿತು. ಕಿಟ್ ಎಂದರೆ ಟೈ ರಾಡಿನ ಹೊರತುದಿಯ ಎತ್ತರ ಬದಲಿಸುವ ಬೋಲ್ಟು, ತುದಿಗೊಂದು ರಾಡ್ ಎಂಡ್, ನಡುವೆ ಕೆಲವು ಸ್ಪೇಸರ್. ಎಷ್ಟು ಸ್ಪೇಸರ್ ಎಂಬುದು ನಿಮ್ಮ ಕಾರು ಎಷ್ಟು ಇಳಿದಿದೆ, ಟೈ ರಾಡ್ ಎಷ್ಟು ಓರೆಯಾಗಿದೆ ಎಂಬುದನ್ನು ಅವಲಂಬಿಸಿದೆ. ಅಳೆಯದೆ ಹಾಕಿದ ಸ್ಪೇಸರ್ ತಪ್ಪನ್ನು ಹೆಚ್ಚಿಸಲೂಬಹುದು. ಇನ್ನೂ ಅಪಾಯದ್ದು ಸ್ಥಳೀಯ ಉಪಾಯಗಳು. ಬಾಲ್ ಜಾಯಿಂಟಿನ ಓರೆ ಪಿನ್ನಿನ ಕೆಳಗೆ ವಾಷರ್ ಪೇರಿಸುವುದು, ಓರೆ ತೂತನ್ನು ಡ್ರಿಲ್ ಮಾಡಿ ನೇರ ಬೋಲ್ಟ್ ಹಾಕುವುದು, ಸ್ಟೇರಿಂಗ್ ಆರ್ಮಿಗೆ ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸಿ ಬಗ್ಗಿಸುವುದು. ಓರೆ ಪಿನ್ನು ತನ್ನ ತೂತಿನಲ್ಲಿ ಕಚ್ಚಿ ಕೂರಬೇಕು. ವಾಷರ್ ಅದನ್ನು ಕೂರಲು ಬಿಡುವುದಿಲ್ಲ. ಒಂದೇ ತುದಿಯಲ್ಲಿ ಹಿಡಿದ ಉದ್ದ ಬೋಲ್ಟು ಪ್ರತಿ ಗುಂಡಿಗೂ ಬಾಗಲು ನೋಡುತ್ತದೆ. ಹದಗೊಳಿಸಿದ ಉಕ್ಕನ್ನು ಕೆಂಪಗೆ ಕಾಯಿಸಿದರೆ ಅದರ ಹದವೇ ಹೋಗುತ್ತದೆ. ಈ ಮೂರರಲ್ಲಿ ಯಾವುದು ಮುರಿದರೂ ಆ ಗಾಲಿಗೆ ಸ್ಟೇರಿಂಗ್ ಇಲ್ಲ. ಎಳೆಯುವ ಕಾರನ್ನು ಕೈ ಬಿಗಿಹಿಡಿದು ಮನೆ ಮುಟ್ಟಿಸಬಹುದು, ಟೈ ರಾಡ್ ಕಳಚಿದ ಕಾರನ್ನು ಮುಟ್ಟಿಸಲಾಗದು.

ಹಾಗಾದರೆ ಸರಿಯಾದ ದಾರಿ ಯಾವುದು? ಅಳೆಯುವುದು. ಇದಕ್ಕೆ ಬೆಂಗಳೂರೂ ಬೇಡ, ಕಂಪ್ಯೂಟರೂ ಬೇಡ. ಚಳ್ಳಕೆರೆಯ ಲೇತ್ ಅಂಗಡಿಯ ಡಯಲ್ ಗೇಜ್ ಸಾಕು. ಮೊದಲು ಪೆಟ್ರೋಲ್ ತುಂಬಿಸಿ, ಸೀಟಿನ ಮೇಲೆ ಚಾಲಕನ ತೂಕ ಇಟ್ಟು, ಟೈರಿಗೆ ಸರಿಯಾದ ಗಾಳಿ ಹಾಕಿ ಕಾರು ನಿಲ್ಲುವ ಎತ್ತರವನ್ನು ಬರೆದುಕೊಳ್ಳಬೇಕು. ಆಮೇಲೆ ಚಾಸಿಯನ್ನು ಗಟ್ಟಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಸ್ಪ್ರಿಂಗ್ ತೆಗೆಯಬೇಕು. ಸ್ಟೇರಿಂಗನ್ನು ನಡುವಿನಲ್ಲಿ ಅಲುಗದಂತೆ ಬಿಗಿಯಬೇಕು. ಗಾಲಿಯ ಜಾಗದಲ್ಲಿ ಹಬ್ಬಿಗೆ ಒಂದು ನೇರ ಹಲಗೆಯನ್ನೋ ಪ್ಲೇಟನ್ನೋ ಬೋಲ್ಟ್ ಮಾಡಿ, ಅದರ ಮುಂದಿನ ತುದಿಗೊಂದು ಹಿಂದಿನ ತುದಿಗೊಂದು ಗೇಜ್ ಇಡಬೇಕು. ಜಾಕಿಯಿಂದ ಗಾಲಿಯನ್ನು 10 ಮಿ.ಮೀ.ಗೊಮ್ಮೆ ಎತ್ತುತ್ತ, ಇಳಿಸುತ್ತ ಎರಡು ಗೇಜಿನ ವ್ಯತ್ಯಾಸವನ್ನು ಬರೆದುಕೊಂಡು ಹೋಗಬೇಕು. ಗೇಜ್ ಇಲ್ಲದಿದ್ದರೆ ಬಿಗಿಯಾಗಿ ಕಟ್ಟಿದ ದಾರ, ಸ್ಟೀಲ್ ಸ್ಕೇಲು ಇದ್ದರೂ ಒರಟು ಉತ್ತರ ಸಿಗುತ್ತದೆ.

ಬರೆದುಕೊಂಡ ಅಂಕಿಗಳನ್ನು ಚೌಕಳಿ ಹಾಳೆಯ ಮೇಲೆ ಗುರುತಿಸಿದರೆ ರೋಗ ತಾನೇ ಹೆಸರು ಹೇಳುತ್ತದೆ. ಗೆರೆ ನೇರವಾಗಿ ಒಂದು ಕಡೆಗೆ ವಾಲಿದ್ದರೆ ಟೈ ರಾಡಿನ ಒಂದು ತುದಿಯ ಎತ್ತರ ತಪ್ಪಿದೆ. ರ‍್ಯಾಕನ್ನು ಏರಿಸಿ ಇಳಿಸಿಯೋ, ಹೊರತುದಿಯ ಎತ್ತರ ಬದಲಿಸಿಯೋ ಅದನ್ನು ತಿದ್ದಬೇಕು. ಗೆರೆ ಬಿಲ್ಲಿನಂತೆ ಬಾಗಿದ್ದರೆ ಟೈ ರಾಡಿನ ಉದ್ದವೇ ಆರ್ಮಿಗೆ ಹೊಂದಿಲ್ಲ. ಎತ್ತರದ ಸ್ಪೇಸರ್ ಎಷ್ಟು ಹಾಕಿದರೂ ಅದು ಪೂರ್ತಿ ವಾಸಿಯಾಗದು, ಒಳತುದಿಯ ಜಾಗ ಬದಲಾಗಬೇಕು. ಎರಡೂ ಬೆರೆತಿದ್ದರೆ ಮೊದಲು ಓರೆ, ಆಮೇಲೆ ಬಾಗು. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಬದಲಾವಣೆಯ ನಂತರ ಮತ್ತೆ ಅಳತೆ, ಎರಡೂ ಕಡೆಯ ಗಾಲಿಗೆ ಬೇರೆ ಬೇರೆಯಾಗಿ. ಎಲ್ಲ ಮುಗಿದ ಮೇಲೆ ಅಲೈನ್‌ಮೆಂಟ್. ಕಡೆಯ ಕೆಲಸವನ್ನು ಮೊದಲು ಮಾಡಿಸಿ ಅದನ್ನೇ ಇಡೀ ಚಿಕಿತ್ಸೆ ಎನ್ನುವುದನ್ನೇ ನಾನು ಖಂಡಿಸುತ್ತಿರುವುದು.

ಸೊನ್ನೆ ಬಂಪ್ ಸ್ಟೀರ್ ಬೇಕೆಂಬ ಹಟವೂ ಬೇಡ. ಕೆಲವು ತಯಾರಕರು ಬೇಕೆಂದೇ ಒಂದಿಷ್ಟನ್ನು ಉಳಿಸುತ್ತಾರೆ. ವಾಲಿದ ಕಾರಿನ ಹೊರಗಾಲಿ ಚೂರು ಹೊರಕ್ಕೆ ತೆರೆದುಕೊಂಡರೆ ಸಾಮಾನ್ಯ ಚಾಲಕನ ಕೈಯಲ್ಲಿ ಕಾರು ಥಟ್ಟನೆ ಒಳಕ್ಕೆ ನುಗ್ಗುವುದಿಲ್ಲ. ರಸ್ತೆಯ ಮೇಲೆ ಗಾಲಿ ನಿಜಕ್ಕೂ ಆಡುವಷ್ಟು ದೂರದಲ್ಲಿ ಬದಲಾವಣೆ ಕಡಿಮೆಯಿದ್ದು, ಎರಡೂ ಕಡೆ ಒಂದೇ ಸಮನಾಗಿದ್ದರೆ ಸಾಕು.

ಕಾನೂನಿನ ಮಾತನ್ನೂ ಮರೆಯಬಾರದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವುದನ್ನು ತಡೆಯುತ್ತದೆ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. 2021ರ ವಿಂಟೇಜ್ ನಿಯಮಗಳು 50 ವರ್ಷ ದಾಟಿದ ವಾಹನಕ್ಕೆ ವಿಶೇಷ ನೋಂದಣಿ ಕೊಡುವುದು ಅದು ಮೂಲ ರೂಪದಲ್ಲಿದ್ದರೆ ಮಾತ್ರ. ಬಂಪ್ ಸ್ಟೀರ್ ಸರಿಪಡಿಸಲೆಂದು ಚಾಸಿ ಕೊಯ್ದು ರ‍್ಯಾಕಿನ ಜಾಗ ಬದಲಿಸುವವರು ಇದನ್ನು ಓದಿಕೊಂಡೇ ವೆಲ್ಡಿಂಗ್ ಹಚ್ಚಲಿ. ಧರ್ಮಸ್ಥಳದ ಮ್ಯೂಸಿಯಮ್ಮಿನ ಕಾರುಗಳಿಗೆ ಸಾಲಾಗಿ ನಿಂತಿರುವಷ್ಟು ಹೊತ್ತು ಬಂಪ್ ಸ್ಟೀರ್ ತೊಂದರೆಯಿಲ್ಲ. ಓಡಿಸುವ ಆಸೆಯಿದ್ದವರಿಗೆ ಆ ವಿನಾಯಿತಿ ಇಲ್ಲ.

ಆದ್ದರಿಂದ ಕಾರು ಇಳಿಸಿ ಅಲೈನ್‌ಮೆಂಟ್ ಚೀಟಿ ತೋರಿಸುವವರಿಗೆ ಒಂದೇ ಪ್ರಶ್ನೆ ಹಾಕಿ: ಗಾಲಿಯನ್ನು 30 ಮಿ.ಮೀ. ಎತ್ತಿದಾಗ ಟೋ ಎಷ್ಟು ಬದಲಾಯಿತು? ಎರಡೂ ಗಾಲಿಯ ಅಂಕಿ ಅವರ ಬಳಿ ಇದ್ದು, ಅದು ಕಡಿಮೆಯೂ ಎರಡೂ ಕಡೆ ಸಮವೂ ಆಗಿದ್ದರೆ ಅವರ ಕಾರು ರಸ್ತೆಗೆ ಯೋಗ್ಯ. ಇಲ್ಲದಿದ್ದರೆ ಆ ಕಾರು ಇನ್ನೂ ಸರಿಯಾಗಿಲ್ಲ. ಅಳೆಯುವ ತಾಳ್ಮೆಯಿಲ್ಲದವರು ಕಂಪನಿಯ ಸ್ಪ್ರಿಂಗನ್ನೇ ವಾಪಸ್ ಹಾಕಿಸಲಿ. ಅದಕ್ಕಿಂತ ಅಗ್ಗದ ಬಂಪ್ ಸ್ಟೀರ್ ಚಿಕಿತ್ಸೆ ಇನ್ನೊಂದಿಲ್ಲ.